ಹಳೇ ಪಿಕಪ್‌ಗೆ ಕಂಪನಿ ಆರ್‌ಪಿಎಂ ಮೀಟರ್: ಹಾಕಿಸಿದವರು ಯಾರಿದ್ದೀರಿ?

ಕೇಳಿದವರು, ಭೋಸರಿ: ನಮ್ಮದು 2004ರ ಡೀಸೆಲ್ ಪಿಕಪ್. ಮೀಟರ್ ಬೋರ್ಡಲ್ಲಿ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಅಂತ ತೋರಿಸೋ ಮುಳ್ಳು) ಇರಬೇಕಾದ ಜಾಗಕ್ಕೆ ಬರೀ ಪ್ಲಾಸ್ಟಿಕ್ ಮುಚ್ಚಳ. ಮೇಲಿನ ಮಾಡೆಲ್‌ನ ಕಂಪನಿ ಬೋರ್ಡೇ ಕೂರಿಸೋಣ ಅಂತಿದ್ದೇನೆ. ಹಳೇ ವೈರಿಂಗ್ ಕಪ್ಲರ್ ಹಾಗೇ ಕೂರುತ್ತಾ, ಪಿನ್ ಬದಲಿಸಬೇಕಾ?

ಚಿಂಚವಾಡ: ಕಪ್ಲರ್ ಬಿಡ್ರಿ, ಅದು ಆಮ್ಯಾಲಿನ ಮಾತು. ನಾನಾ ಪೇಟ್‌ನ್ಯಾಗ ಗುಜರಿ ಬೋರ್ಡ್ 3,200 ಅಂದ, 2,600ಕ್ಕ ಬಿಟ್ಟ. ಕೂರಿಸಿದ್ರ ಮುಳ್ಳು ಸತ್ತಂಗ ಬಿದ್ದಿತ್ತು. ಸಿಗ್ನಲ್ ಬರೂದು ಬ್ಯಾಟರಿ ಚಾರ್ಜ್ ಮಾಡೂ ಆಲ್ಟರ್ನೇಟರ್‌ನ ಡಬ್ಲ್ಯೂ ಟರ್ಮಿನಲ್‌ದಿಂದ, ನನ್ನ ಆಲ್ಟರ್ನೇಟರ್‌ಗೆ ಡಬ್ಲ್ಯೂನ ಇಲ್ಲ! ವೈಂಡಿಂಗ್‌ನವ ಬಿಚ್ಚಿ, ಡಯೋಡ್‌ಗಿಂತ ಮೊದಲ ಒಂದ್ ಫೇಜ್‌ಗೆ ವೈರ್ ಬೆಸುಗಿ ಹಾಕಿ ಹೊರಗ ತಂದ. 450. ಎಂಟ ದಿನಕ್ಕ ಖಂಬಾಟ್ಕಿ ಘಾಟ್‌ನ್ಯಾಗ ಆ ವೈರ್ ಬಾಡಿಯ ತಗಡಿಗೆ ತಿಕ್ಕಿ ಶಾರ್ಟ್ ಆತು. ಚಾರ್ಜಿಂಗ್ ದೀಪ ಹತ್ತಿತು, ಹಿಂದ ಟೊಮ್ಯಾಟೊ ಲೋಡು. ಎಳಸಿಕೊಂಡ ಬಂದದ್ದಕ್ಕ 2,500, ಡಯೋಡ್ ಪ್ಲೇಟ್ 700. ಒಟ್ಟ 6,250, ಬರದಿಟ್ಟೀನಿ. ಟೊಮ್ಯಾಟೊದ ಲುಕ್ಸಾನ ಬ್ಯಾರೆ. ಇಷ್ಟೆಲ್ಲಾ ಆಗಿ ಮುಳ್ಳು ಎದ್ದದ್ದು ಎಲ್ಲಿಗೆ? ಐಡಲ್‌ನ್ಯಾಗ, ಆಕ್ಸಿಲರೇಟರ್ ಒತ್ತದನ, 1,600!

ಕುರ್ಲಾ: ಎಂತ ಮಾರಾಯ್ರೆ, ಆ ವೈರಿನ ಬುಡದಲ್ಲೇ ಒಂದು ಫ್ಯೂಸ್ ಹಾಕ್ಲಿಕ್ಕೆ ಆಗ್ಲಿಲ್ವಾ? ನಾನು ಮೂರು ಭಾನುವಾರ ಸುತ್ತಿ ಡಬ್ಲ್ಯೂ ಇರುವ ಆಲ್ಟರ್ನೇಟರೇ ಹುಡುಕಿದೆ. ಬೋರ್ಡಿಗೆ ಕೊಡುವ ಮೊದಲು ಹರ್ಟ್ಸ್, ಅಂದ್ರೆ ಸೆಕೆಂಡಿಗೆ ಎಷ್ಟು ಪಲ್ಸ್ ಅಂತ, ತೋರಿಸುವ ಮಲ್ಟಿಮೀಟರ್ ಹಿಡಿದೆ. ಆಲ್ಟರ್ನೇಟರಿನ ಒಳಗೆ ಆಯಸ್ಕಾಂತದ 12 ಪೋಲ್ ಅಂದ್ರೆ ಸುತ್ತಿಗೆ 6 ಪಲ್ಸ್. ಪುಲ್ಲಿ ಲೆಕ್ಕದಲ್ಲಿ ಆಲ್ಟರ್ನೇಟರ್ ಇಂಜಿನಿನ ಎರಡು ಪಟ್ಟು ತಿರುಗ್ತದೆ. 800ರ ಐಡಲಿಗೆ 160 ಹರ್ಟ್ಸ್ ಬರಬೇಕು. ಬಂದದ್ದು 161! ನಾನು ಕೂಗಿದ್ದಕ್ಕೆ ಹೆಂಡತಿ ಸೌಟು ಹಿಡ್ಕೊಂಡೇ ಹೊರಗೆ ಬಂದಳು. ನಿಮ್ಮದು ಡಬಲ್ ತೋರಿಸೋದು ಬೇರೆ ಗಾಡಿಯ ಬೋರ್ಡ್ ತಂದದ್ದಕ್ಕೆ. ನೋಡದೆ ಕೊಂಡರೆ ಹಾಗೇ.

ಚಿಂಚವಾಡ: ನೋಡದ ಕೊಂಡಿಲ್ರಿ. ಅಂಗಡಿಯವ ಆಣಿ ಮಾಡಿದ್ದ. ಬೋರ್ಡ್ ಹಿಂದ ಮುಳ್ಳು ಹೊಂದಸೂ ಸಣ್ಣ ಪ್ರಿಸೆಟ್ ಸ್ಕ್ರೂ ಇತ್ತು, ತಿರುವಿ ನಾನ ಸರಿ ಮಾಡೀನಿ. ನಿಮ್ಮಂಗ ಮೂರು ಭಾನುವಾರ ತಿರಗಾಕ ನಮಗ ಪುರಸೊತ್ತಿಲ್ಲ.

ಹಡಪ್ಸರ್: 22 ವರ್ಷ ಪುಣೆ-ಹುಬ್ಬಳ್ಳಿ ಹೊಡದೀನಿ. ಮುಳ್ಳು ನೋಡಿ ಗೇರ್ ಹಾಕಿಲ್ಲ. ಕಿವಿ ಯಾಕ ಕೊಟ್ಟಾನ ದೇವರು?

ಕುರ್ಲಾ: ಅಣ್ಣ, ಅದೇ ಕಿವಿ ನಂಬಿ ಲೋಡಿನ ಗಾಡಿಯನ್ನು ಖಂಡಾಲಾ ಇಳಿಜಾರಲ್ಲಿ ಸೆಕೆಂಡ್ ಗೇರಿಗೆ ಇಳಿಸಿ ಇಂಜಿನ್ ಕಿರುಚಿಸಿದವರನ್ನು ನಾನು ನೋಡಿದ್ದೇನೆ.

ಹಡಪ್ಸರ್: ನನಗ ಡ್ರೈವಿಂಗ್ ಹೇಳಿಕೊಡಬ್ಯಾಡ. ಮೊದಲ ಇದಕ್ಕ ಉತ್ತರಾ ಕೊಡ್ರಿ: ಗುಜರಿ ಬೋರ್ಡ್ ಹಾಕಿದ ಮ್ಯಾಲ ಕಿಲೋಮೀಟರ್ ಎಷ್ಟ ತೋರಿಸ್ತೈತಿ? ಗಾಡಿ ಓಡಿದ್ದು 3 ಲಕ್ಷ, ಬೋರ್ಡಿನ್ಯಾಗ 48 ಸಾವಿರ. ನಾಳೆ ಮಾರುವಾಗ ಕೊಂಡವನಿಗೆ ಏನ್ ಹೇಳ್ತೀರಿ?

ಚಿಂಚವಾಡ: ಯಾರಿಗೆ ಮೋಸಗಾರ ಅಂತೀರಿ? ಬದಲಿಸಿದ ದಿನಾನ ಹಳೇ ಬೋರ್ಡಿನ ಫೋಟೋ ತಗದ ಇಟ್ಟೀನಿ, 2,87,410. ಬರದೂ ಇಟ್ಟೀನಿ.

ಕುರ್ಲಾ: ಟೊಮ್ಯಾಟೊದ ಲೆಕ್ಕ ಬರೆದ ಪುಸ್ತಕದಲ್ಲೇ?

ಕೇಳಿದವರು, ಭೋಸರಿ: ನಿನ್ನೆ ಹಾಕಿಸಿದೆ. ಕಪ್ಲರ್ ಸಲೀಸಾಗಿ ಕೂತಿತು. ಟ್ಯಾಂಕ್ ಖಾಲಿ ಇದ್ದರೂ ಡೀಸೆಲ್ ಮುಳ್ಳು ಫುಲ್ ತೋರಿಸ್ತಿದೆ. ಪಿನ್ ಯಾವುದು ಅಂತ ಯಾರಾದರೂ…

ಚಿಂಚವಾಡ: ಕುರ್ಲಾದವರ, ಪುಸ್ತಕದ ಮಾತು ಬಿಡ್ರಿ. ಹಳೇ ಬೋರ್ಡ್ ಮನ್ಯಾಗ ಅಟ್ಟದ ಮ್ಯಾಲ ಐತಿ. ಪುಣೆಗೆ ಬಂದು ಕಣ್ಣಾರೆ ಓದ್ಕೊಂಡ ಹೋಗ್ರಿ.