ಸಹಾಯ ಬೇಕು: ಜಿಯೊಂಜು ಚಿತ್ರೋತ್ಸವಕ್ಕೆ ಹೋಗಿ ಬಂದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು, ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಓದುತ್ತಿದ್ದೇನೆ. ಇದೇ ದೇಶದ ಜಿಯೊಂಜು ನಗರದಲ್ಲಿ ಏಪ್ರಿಲ್ ಕೊನೆಗೆ ಶುರುವಾಗುವ ಅಂತರರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಹೋಗಬೇಕೆಂದಿದ್ದೇನೆ. ಬೂಸಾನ್ ನಗರದ ಚಿತ್ರೋತ್ಸವದಷ್ಟು ತಾರೆಯರ ಗದ್ದಲವಿಲ್ಲ. 2000ದಿಂದಲೂ ಸ್ವತಂತ್ರ, ಪ್ರಯೋಗಶೀಲ ಚಿತ್ರಗಳನ್ನೇ ನೆಚ್ಚಿಕೊಂಡು ಬಂದ ಉತ್ಸವ. ನನ್ನಂಥವನಿಗೆ ಹೇಳಿ ಮಾಡಿಸಿದ್ದು.

ಹೋದ ವರ್ಷ ಕೊನೆಗಳಿಗೆಯಲ್ಲಿ ಕೋಣೆ ಹುಡುಕಲು ಹೋಗಿ ಕೈಸುಟ್ಟುಕೊಂಡೆ. ಮೇ 5 ಇಲ್ಲಿ ಮಕ್ಕಳ ದಿನದ ರಜೆಯಲ್ಲವೇ, ಜಿಯೊಂಜುವಿನ ಹನೊಕ್ (ಹಳೆಯ ಕೊರಿಯನ್ ಶೈಲಿಯ ಮನೆ) ಬಡಾವಣೆಯ ಹೆಂಚಿನ ಮನೆಗಳೆಲ್ಲ ಪ್ರವಾಸಿಗರ ಪಾಲಾಗಿದ್ದವು. ಚಿತ್ರಮಂದಿರಗಳಿರುವ ಸಿನಿಮಾ ಬೀದಿಗೆ ನಡೆದೇ ಹೋಗಬಹುದಾದ, ವಿದ್ಯಾರ್ಥಿಯ ಜೇಬಿಗೆ ಭಾರವಾಗದ ವಸತಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸೋಲ್‌ನ ಯೊಂಗ್‌ಸಾನ್ ನಿಲ್ದಾಣದಿಂದ ಬೆಳಿಗ್ಗೆ ರೈಲು ಹತ್ತಿ ಅದೇ ದಿನ ಮರಳಬಹುದು, ಆದರೆ ರಾತ್ರಿಯ ಪ್ರದರ್ಶನಗಳು ತಪ್ಪುತ್ತವೆ.

ಇನ್ನೊಂದು ದೊಡ್ಡ ಚಿಂತೆ: ಈ ಸಲ ಅಮ್ಮನೂ ಜೊತೆಗಿರುತ್ತಾರೆ, ಅಪ್ಪಟ ಸಸ್ಯಾಹಾರಿ. ಜಿಯೊಂಜುವಿನ ಹೆಮ್ಮೆಯ ಬಿಬಿಂಬಾಪ್‌ನಲ್ಲಿ (ತರಕಾರಿ ಹಾಕಿ ಕಲಸಿ ತಿನ್ನುವ ಅನ್ನ) ಮೇಲಿನ ಮಾಂಸ, ಮೊಟ್ಟೆ ತೆಗೆಸಿದರೂ ಸಾಲದು. ಅನ್ನವನ್ನೇ ದನದ ಮೂಳೆಯ ಸಾರಿನಲ್ಲಿ ಬೇಯಿಸುವ ವಾಡಿಕೆ ಅಲ್ಲಿಯದು. ಬರೀ ನೀರಿನಲ್ಲಿ ಅನ್ನ ಮಾಡುವ ಹೋಟೆಲ್ ಯಾರಿಗಾದರೂ ಗೊತ್ತೇ? ಇಲ್ಲದಿದ್ದರೆ ಅವಲಕ್ಕಿ ಕಟ್ಟಿಕೊಂಡೇ ಹೊರಡುತ್ತೇವೆ.

ಹಾಂ, ವಿದೇಶಿ ಕಾರ್ಡಿನಿಂದ ಟಿಕೆಟ್ ಕೊಂಡವರಿದ್ದರೆ ಅದನ್ನೂ ಹೇಳಿ.