ತುಂಬೆ ಗಿಡ ಕೀಳಬೇಡ ಪುಟ್ಟಿ

ಪುಟ್ಟಿ, ದೊಡ್ಡಪ್ಪ ಮಾತಾಡ್ತಿದ್ದೇನೆ. ಟೆರೇಸಿನ ಸಿಹಿಗುಂಬಳದ ಹೀಚೆಲ್ಲ ಹಳದಿಯಾಗಿ ಉದುರುತ್ತಿದೆ, ಒಂದು ಜೇನೂ ಬರ್ತಿಲ್ಲ, ಔಷಧಿ ಹೊಡೀಲಾ ಅಂತ ಗ್ರೂಪಲ್ಲಿ ಕೇಳಿದ್ದೀಯಲ್ಲ. ಫೋಟೋನೂ ನೋಡಿದೆ. ಕುಂಡದಲ್ಲಿ ಒಂದು ಕಳೆ ಇಲ್ಲ, ಆಸ್ಪತ್ರೆ ಇದ್ದ ಹಾಗಿದೆ. ತುಂಬೆ ಹುಟ್ಟಿದ್ದರೆ ಕೀಳಬೇಡ ಮಾರಾಯ್ತಿ.

ಬಚ್ಚಲ ಹಿಂದಿನ ತುಡುವೆ ಜೇನಿನ ಪೆಟ್ಟಿಗೆ ನೆನಪಿದೆಯಲ್ಲ, ಅಜ್ಜ ಇಟ್ಟಿದ್ದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಮರಿಹುಳುಗಳೆಲ್ಲ ನೀರು ತುಂಬಿದ ಚೀಲದ ಹಾಗಾಗಿ ಸತ್ತವು. ಊರಲ್ಲಿ ಪೆಟ್ಟಿಗೆಗಳೆಲ್ಲ ಖಾಲಿ. ನಮ್ಮದೊಂದು ಹೇಗೋ ಉಳಿಯಿತು. ಆ ಜೇನನ್ನು ಓಡಿಸಿದವ ನಾನೇ.

ಹೊಸ ಮನೆ ಗೃಹಪ್ರವೇಶ ಶ್ರಾವಣದಲ್ಲಿ ಅಲ್ವಾ. ನೆಂಟರು ಬರ್ತಾರೆ ಅಂತ ಆಳು ಹಾಕಿ ಹಿತ್ತಲೆಲ್ಲ ಕೆರೆಸಿದೆ. ತುಂಬೆ, ಕರ್ಣಕುಂಡಲ, ಎಲ್ಲ ಗೊಬ್ಬರಗುಂಡಿಗೆ. ಆ ಜಾಗಕ್ಕೆ ನರ್ಸರಿಯಿಂದ ಮುದ್ದೆ ದಾಸವಾಳ, ಕಾಗದದ ಹೂ. ನೋಡೋಕೆ ಚಂದ, ಜೇನಿಗೆ ಏನೂ ಇಲ್ಲ. ನೇರಳೆ, ಹೊಂಗೆ ಬೇಸಿಗೆಗೇ ಮುಗಿದಿರುತ್ತವೆ. ಅಂಟುವಾಳ ಹೂ ಬಿಡೋದು ಚಳಿ ಬಂದ ಮೇಲೆ. ನಡುವೆ ಜೇನಿಗೆ ಗತಿ ಈ ಕಳೆಯೇ. ಹದಿನೈದು ದಿನ ಬಿಟ್ಟು ಮುಚ್ಚಳ ತೆಗೆದರೆ ಸದ್ದೇ ಇಲ್ಲ. ಎರಿ ಒಣಗಿತ್ತು, ಮೇಣದ ಹುಳ ಬಲೆ ಕಟ್ಟಿತ್ತು. ಅದಕ್ಕೇ ಇನ್ನೊಂದು ಸಲ ಹೇಳ್ತೇನೆ, ತುಂಬೆ ಕೀಳಬೇಡ.

ಆ ಪೆಟ್ಟಿಗೆಯ ಜೇನುತುಪ್ಪ ತಿನ್ನದವರು ಈ ಗ್ರೂಪಲ್ಲಿ ಯಾರಿದ್ದೀರಿ? ವರ್ಷಾ ವರ್ಷಾ ಬಾಟಲಿ ತುಂಬಿ ಕೊಟ್ಟೆ. ಒಬ್ಬರಾದರೂ ಬಾಟಲಿ ವಾಪಸು ತಂದಿರಾ? ನಿಮ್ಮ ಚಿಕ್ಕಮ್ಮ ನನ್ನ ಗಾಜಿನ ಭರಣಿಯಲ್ಲಿ ಉಪ್ಪಿನಕಾಯಿ ಹಾಕಿಟ್ಟಿದ್ದು ನಾನೇ ಕಣ್ಣಾರೆ ನೋಡಿದೆ. ಕೇಳಿದ್ದಕ್ಕೆ ದೊಡ್ಡಪ್ಪ ಜಿಪುಣ ಅಂದರು. ಇರಲಿ.

ಅಯ್ಯೋ, ನಿನ್ನ ಕುಂಬಳ ಮರೆತೇ ಹೋಯ್ತು ನೋಡು. ಅದು ರೋಗ ಅಲ್ಲ ಅನ್ನಿಸ್ತದೆ, ಪರಾಗ ತಲುಪದಿದ್ದರೆ ಹೀಚು ಹಾಗೇ ಉದುರೋದು. ಬುಡದಲ್ಲಿ ಪುಟ್ಟ ಕಾಯಿ ಇದ್ದದ್ದು ಹೆಣ್ಣು ಹೂ, ಬರೀ ತೊಟ್ಟು ಇದ್ದದ್ದು ಗಂಡು. ಬೆಳಿಗ್ಗೆ ಬೇಗ ಗಂಡು ಹೂ ಕಿತ್ತು, ಎಸಳು ತೆಗೆದು, ಹಳದಿ ಹುಡಿ ಇರುವ ತುದಿಯನ್ನು ಹೆಣ್ಣು ಹೂವಿನ ನಡುವೆ ಮೆತ್ತಗೆ ಸವರು. ಸದ್ಯಕ್ಕೆ ಇಷ್ಟು ಸಾಕು. ಔಷಧಿ ಹೊಡೆದರೆ ಬರೋ ಜೇನೂ ಸಾಯ್ತದೆ.

ಆಮೇಲೆ ಖಾಲಿ ಕುಂಡಕ್ಕೆ ಈ ಮಳೆಯಲ್ಲೇ ಕರ್ಣಕುಂಡಲದ ಬೀಜ ಉದುರಿಸು, ಒಂಟಿ ಎಸಳಿನದ್ದೇ ಆಗಬೇಕು. ಚಳಿಗೆ ಸ್ಫಟಿಕ. ತುಳಸಿ ಕದಿರು ಚಿವುಟೋದು ನಿಲ್ಲಿಸು, ಹೂ ಬಿಡಲಿ. ನಾಳೆ ಭಾನುವಾರ ಅಂತ ಹತ್ತಕ್ಕೆ ಏಳಬೇಡ, ಅಷ್ಟೊತ್ತಿಗೆ ಕುಂಬಳದ ಹೂ ಬಾಡಿರ್ತದೆ.