ಎಲೆಕ್ಷನ್ ಡ್ಯೂಟಿಯವರ ಮೇಲೆ ರೇಗಾಟ ಜಾಸ್ತಿಯಾಗಿದೆ, ಮತ ಹಾಕೋಕೆ ಹೋದಾಗ ನಾವೇನು ಮಾಡಬಹುದು?

ಕಟ್ಟೆಪುರಾಣ:
ನಮ್ಮ ಅತ್ತಿಗೆ ಸರ್ಕಾರಿ ಶಾಲೆ ಟೀಚರ್. ಕಳೆದ ಲೋಕಸಭೆ ಚುನಾವಣೆಯಲ್ಲಿ ಪಿಆರ್‌ಒ (ಮತಗಟ್ಟೆಯ ಅಧ್ಯಕ್ಷಾಧಿಕಾರಿ) ಡ್ಯೂಟಿ ಬಿದ್ದಿತ್ತು. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಒಬ್ಬ ಮೇಜು ಗುದ್ದಿ, "ಎಷ್ಟು ದುಡ್ಡು ತಿಂದು ನನ್ನ ಹೆಸರು ತೆಗೆದೆ" ಅಂತ ಏಕವಚನದಲ್ಲೇ ಕೂಗಾಡಿದನಂತೆ. ಸಾಲಿನಲ್ಲಿದ್ದವರು ಸುಮ್ನೆ ನೋಡುತ್ತಾ ನಿಂತಿದ್ದರಂತೆ. ಮುಂದಿನ ಸಲ ಈ ಡ್ಯೂಟಿಯೇ ಬೇಡ ಅಂತಾರೆ, ಆದರೆ ಬೇಡ ಅನ್ನೋ ಹಾಗೂ ಇಲ್ಲವಲ್ಲ. ಇಂಥವರಿಗೆ ನಮ್ಮ ಕೈಲಾದದ್ದು ಏನಾದರೂ ಇದೆಯಾ? ಟೀ, ತಿಂಡಿ ಕೊಟ್ಟರೆ ಸರೀನಾ?

ಹಳೇ ಪಿಆರ್‌ಒ:
ತಿಂಡಿ ಬೇಡ. ಹೊರಗಿನವರ ಆತಿಥ್ಯ ತಗೋಬಾರದು ಅಂತ ಟ್ರೈನಿಂಗ್‌ನಲ್ಲೇ ಹೇಳಿರುತ್ತಾರೆ, ಪಾಪ ಒಂದು ಲೋಟ ಟೀಗೂ ಯಾರಾದರೂ ಬಣ್ಣ ಕಟ್ಟುತ್ತಾರೆ.

ಜನಕ್ಕೆ ಗೊತ್ತಿಲ್ಲದ್ದು ಏನಂದ್ರೆ, ಪಟ್ಟಿ ತಯಾರಿಸುವವರು ಬೇರೆ, ಮತಗಟ್ಟೆಯಲ್ಲಿ ಕೂರುವವರು ಬೇರೆ. ಯಾವ ಬೂತ್ ಅನ್ನೋದೇ ನಮಗೆ ಹಿಂದಿನ ದಿನ ಮಸ್ಟರಿಂಗ್‌ನಲ್ಲಿ, ಅಂದರೆ ಯಂತ್ರ, ಸಾಮಾನು ಹಂಚುವಾಗ ಗೊತ್ತಾಗುತ್ತದೆ. ಪಟ್ಟಿ ಕೈಗೆ ಬರುವುದೂ ಆಗಲೇ. ಮತದಾನದ ದಿನ ಅದಕ್ಕೆ ಒಂದು ಹೆಸರು ಸೇರಿಸುವ ಅಧಿಕಾರ ನಮಗಿಲ್ಲ, ಎಷ್ಟೇ ಕೂಗಿದರೂ.

ರಾತ್ರಿ ಶಾಲೆಯ ಬೆಂಚು ಜೋಡಿಸಿ ಮಲಗೋದು. ಶೌಚಾಲಯಕ್ಕೆ ಚಿಲಕ ಇದ್ದರೆ ಪುಣ್ಯ, ಹೆಂಗಸರ ಕಷ್ಟ ಕೇಳಲೇಬೇಡಿ. ಮತದಾನ ಶುರುವಾಗುವ 90 ನಿಮಿಷ ಮೊದಲೇ ಅಭ್ಯರ್ಥಿಗಳ ಏಜೆಂಟರ ಎದುರು ಅಣಕು ಮತದಾನ. ಕನಿಷ್ಠ 50 ಮತ ಒತ್ತಿಸಿ, ರಿಸಲ್ಟ್ ತೋರಿಸಿ, ಕ್ಲಿಯರ್ ಮಾಡಿ, ವಿವಿಪ್ಯಾಟ್ (ಯಾರಿಗೆ ಮತ ಬಿತ್ತು ಅಂತ ಚೀಟಿಯಲ್ಲಿ ತೋರಿಸುವ ಯಂತ್ರ) ಚೀಟಿಗಳನ್ನು ಕಪ್ಪು ಕವರಿಗೆ ಹಾಕಿ ಸೀಲ್ ಮಾಡಬೇಕು. ಸಂಜೆ ಸಮಯ ಮುಗಿದಾಗ ಸಾಲಿನ ಕೊನೆಯವರಿಂದ ಚೀಟಿ ಹಂಚಿಕೊಂಡು ಬರಬೇಕು, ಅವರೆಲ್ಲ ಹಾಕೋವರೆಗೂ ಎದ್ದೇಳೋ ಹಾಗಿಲ್ಲ. ಆಮೇಲೆ ಬಿದ್ದ ಮತಗಳ ಲೆಕ್ಕದ ಫಾರ್ಮ್ 17ಸಿ ತುಂಬಿ ಏಜೆಂಟರಿಗೆ ನಕಲು ಕೊಡಬೇಕು. ಡಿಮಸ್ಟರಿಂಗ್‌ನಲ್ಲಿ (ಎಲ್ಲ ವಾಪಸ್ ಒಪ್ಪಿಸುವಾಗ) ಒಂದು ಕವರ್ ಹಿಂದುಮುಂದಾದರೆ ಮತ್ತೆ ಸಾಲಿನ ಕೊನೆಗೆ. ಮನೆ ಸೇರುವಾಗ ಮಧ್ಯರಾತ್ರಿ.

ನೇರ_ಮಾತು:
ಕಷ್ಟ ಒಪ್ಪಿದೆ. ಆದರೆ ಭತ್ಯೆ ಕೊಡುತ್ತಾರೆ, ಸರ್ಕಾರಿ ಕೆಲಸ, ಅದಕ್ಕೆ ಹಾರ ಹಾಕಬೇಕಾ? ಇನ್ನು ಜನ ಪ್ರಶ್ನೆ ಕೇಳಿದರೆ ಅದನ್ನೇ ದ್ವೇಷ ಅನ್ನಬೇಡಿ. ಅಲ್ಲಿ ಕೂತು ಸಿಡುಕುವ ಸಿಬ್ಬಂದಿಯನ್ನೂ ನೋಡಿದ್ದೇನೆ.

ಮೂರನೇ ಬೆಂಚು:
ಹಾರ ಯಾರು ಕೇಳಿದರು ಸ್ವಾಮಿ? ಪ್ರಶ್ನೆ ಧಾರಾಳವಾಗಿ ಕೇಳಿ, ಅದಕ್ಕೆ ದಾರಿಯೂ ಇದೆ. ವಿವಿಪ್ಯಾಟ್ ಚೀಟಿಯಲ್ಲಿ ಬೇರೆ ಚಿಹ್ನೆ ಬಂತು ಅನಿಸಿದರೆ ಬರೆದುಕೊಟ್ಟು ಟೆಸ್ಟ್ ವೋಟ್, ಅಂದರೆ ಪರೀಕ್ಷೆಗೆ ಇನ್ನೊಂದು ಮತ ಒತ್ತೋದು, ಕೇಳಬಹುದು (ಸುಳ್ಳು ಅಂತ ಗೊತ್ತಾದರೆ ಕೇಸ್ ಬೀಳುತ್ತದೆ, ಅದೂ ನೆನಪಿರಲಿ). ನಿಮ್ಮ ಹೆಸರಲ್ಲಿ ಬೇರೆ ಯಾರೋ ಹಾಕಿ ಹೋಗಿದ್ದರೆ ಟೆಂಡರ್ ವೋಟ್ ಇದೆ, ಅಂದರೆ ಪ್ರತ್ಯೇಕ ಮತಪತ್ರದಲ್ಲಿ ಹಾಕೋದು. ಯಾವುದಕ್ಕೂ ಮೇಜು ಗುದ್ದಬೇಕಾಗಿಲ್ಲ.

ಗಲಾಟೆ ಎಲ್ಲಿಗೆ ಹೋಗುತ್ತದೆ ನೋಡಿ. 2023ರ ವಿಧಾನಸಭಾ ಚುನಾವಣೆ ದಿನ ವಿಜಯಪುರ ಜಿಲ್ಲೆ ಮಸಬಿನಾಳದಲ್ಲಿ ಸೆಕ್ಟರ್ ಆಫೀಸರ್ (ಹಲವು ಬೂತ್ ನೋಡಿಕೊಳ್ಳುವ ಅಧಿಕಾರಿ) ಗಾಡಿಯಲ್ಲಿದ್ದ ಮತಯಂತ್ರಗಳನ್ನು ಒಡೆದುಹಾಕಿದರು. ಅವು ಕೆಟ್ಟ ಯಂತ್ರದ ಬದಲಿಗೆ ಅಂತ ಇಟ್ಟುಕೊಂಡಿದ್ದ ರಿಸರ್ವ್ ಯಂತ್ರಗಳು. 2024ರ ಲೋಕಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಇಂಡಿಗನತ್ತದಲ್ಲಿ ಮತಗಟ್ಟೆಯನ್ನೇ ಧ್ವಂಸ ಮಾಡಿದರು, ಏಪ್ರಿಲ್ 29ಕ್ಕೆ ಮರುಮತದಾನ ಆಯಿತು. ಊರಿಗೆ ಮೂಲಸೌಕರ್ಯ ಇಲ್ಲ ಅನ್ನೋ ಸಿಟ್ಟು ನಿಜವಾದದ್ದೇ. ಆದರೆ ಅದನ್ನು ಕೊಡಬೇಕಾದವರು ಯಾರು, ಕಲ್ಲು ಬಿದ್ದದ್ದು ಯಾರ ಮೇಲೆ?

ಅದೇ ವರ್ಷ ಉತ್ತರ ಪ್ರದೇಶದಲ್ಲಿ ಕೊನೆಯ ಹಂತದ ದಿನ ಬಿಸಿಲಿಗೆ 33 ಸಿಬ್ಬಂದಿ ಸತ್ತರು ಅಂತ ಅಲ್ಲಿನ ಮುಖ್ಯ ಚುನಾವಣಾಧಿಕಾರಿಯೇ ಹೇಳಿದ್ದರು. ಭತ್ಯೆಯ ಮಾತು ಆಡುವ ಮುಂಚೆ ಇದನ್ನೂ ನೋಡಿ.

ಹಳೇ ಪಿಆರ್‌ಒ:
ಸಿಡುಕುವವರು ಇದ್ದಾರೆ, ಇಲ್ಲ ಅನ್ನಲ್ಲ. ಮಧ್ಯಾಹ್ನದ ಊಟ ಸಂಜೆ 4ಕ್ಕೆ ಅಂದರೆ ಯಾರಿಗೂ ಮುಖ ಗಂಟೇ. ಬೂತ್ ಹತ್ತಿರ ದಾಂಧಲೆ ಮಾಡಿದರೆ ಪಿಆರ್‌ಒ ಹೇಳಿ ಪೊಲೀಸರಿಂದ ಹಿಡಿಸಬಹುದು, 3 ತಿಂಗಳವರೆಗೆ ಜೈಲು ಅಂತ ಕಾನೂನು ಇದೆ. ಆದರೆ ಯಾರಿಗೂ ಕೇಸು ಗೀಸು ಬೇಡ, ದಿನ ಕಳೆದರೆ ಸಾಕು ಅನಿಸಿರುತ್ತದೆ. ಸಾಲಿನಲ್ಲಿ ಒಬ್ಬರು "ಅವರದ್ದೇನು ತಪ್ಪಿದೆ ಬಿಡ್ರೀ" ಅಂದರೂ ಕೂಗಾಟ ಅರ್ಧ ಇಳಿಯುತ್ತದೆ. ಅದು ನಾನು ಕಣ್ಣಾರೆ ಕಂಡದ್ದು.

ಕಟ್ಟೆಪುರಾಣ:
ಥ್ಯಾಂಕ್ಸ್. ಹೆಸರು ಇದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳುವುದು ಹೇಗೆ? ಅಪ್ಪಂದು ಹೊಸ ವಿಳಾಸ.

ಮೂರನೇ ಬೆಂಚು:
ಚುನಾವಣಾ ಆಯೋಗದ ಇಸಿಐನೆಟ್ (ECINET) ಆ್ಯಪ್ ಇದೆ, ಮೊದಲು ವೋಟರ್ ಹೆಲ್ಪ್‌ಲೈನ್ ಅಂತ ಇತ್ತು. ಇಲ್ಲದಿದ್ದರೆ 1950ಕ್ಕೆ ಫೋನ್ ಮಾಡಿ. ವಿಳಾಸ ಬದಲಾಗಿದ್ದರೆ ಫಾರ್ಮ್ 8. ಈಗಲೇ ಹಾಕಿ, ಚುನಾವಣೆ ಘೋಷಣೆ ಆಗಲಿ ಅಂತ ಕಾಯಬೇಡಿ.